ಒಕ್ಕಲಿನ ಬೆನ್ನಿಗೆ ನಿಂತ ದಿನಕರ ದೇಸಾಯಿ

ನಮ್ಮ ಭಾಷೆಯಲ್ಲಿ ಒಂದು ಮಾತಿದೆ: ಒಕ್ಕಲೆಬ್ಬಿಸುವುದು. ಇಂದು ಪತ್ರಿಕೆಗಳಲ್ಲಿ ರಸ್ತೆ ಅಗಲೀಕರಣದ ಸುದ್ದಿ ಬಂದಾಗ, ಗುಡಿಸಲು ತೆರವು ಮಾಡುವ ಸುದ್ದಿ ಬಂದಾಗ ಈ ಮಾತನ್ನು ಓದುತ್ತೇವೆ. ಇದು ಹುಟ್ಟಿದ್ದು ಗದ್ದೆಯಲ್ಲಿ. ಒಡೆಯನ ಭೂಮಿಯನ್ನು ಗೇಣಿಗೆ ಮಾಡುವವನು ಒಕ್ಕಲು. ಒಡೆಯನಿಗೆ ಅವನು ಬೇಡವಾದಾಗ ಎಬ್ಬಿಸುತ್ತಿದ್ದರು. ಏಳುವಾಗ ಅವನು ಗದ್ದೆಯನ್ನಷ್ಟೇ ಬಿಟ್ಟು ಏಳುತ್ತಿರಲಿಲ್ಲ. ಗುಡಿಸಲು, ಬಾವಿಕಟ್ಟೆ, ಹಿತ್ತಲಿನ ನಾಲ್ಕು ತೆಂಗಿನ ಗಿಡ, ದನದ ಕೊಟ್ಟಿಗೆ ಎಲ್ಲವನ್ನೂ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ದಾರಿಗಿಳಿಯುತ್ತಿದ್ದ.

ಭಟ್ಕಳದಿಂದ ಕಾರವಾರದವರೆಗಿನ ಕರಾವಳಿಯಲ್ಲಿ ನಮ್ಮ ಅಜ್ಜ ಅಜ್ಜಿಯರ ಕಾಲದವರೆಗೂ ಇದು ಮಾಮೂಲಿ ಸಂಗತಿಯಾಗಿತ್ತು. ಇದರ ವಿರುದ್ಧ ಹಳ್ಳಿ ಹಳ್ಳಿ ತಿರುಗಿ ರೈತರನ್ನು ಒಗ್ಗೂಡಿಸಿದ ಒಬ್ಬ ವ್ಯಕ್ತಿಯನ್ನು ಇಂದು ಹೆಚ್ಚಿನವರು ಚುಟುಕುಗಳ ಕವಿಯೆಂದಷ್ಟೇ ನೆನೆಯುತ್ತಾರೆ. ಅವರೇ ಶ್ರೀ ದಿನಕರ ದೇಸಾಯಿಯವರು.

ಹುಟ್ಟು ಮತ್ತು ವಿದ್ಯಾಭ್ಯಾಸ

ದಿನಕರ ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು. ಅವರ ಊರು ಅಂಕೋಲಾ ತಾಲೂಕಿನ ಅಲಗೇರಿ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿಗೆ ಸೇರಿದ ಜಿಲ್ಲೆ ಇದು. ಕೆಲಸ ಹುಡುಕುವವನಿಗೆ, ಕಲಿಯಬೇಕೆನ್ನುವವನಿಗೆ, ಕೋರ್ಟು ಕಚೇರಿಯ ದೊಡ್ಡ ವ್ಯವಹಾರವಿದ್ದವನಿಗೆ ಮುಂಬಯಿಯೇ ದಿಕ್ಕು.

ದೇಸಾಯಿಯವರು ಮೈಸೂರಿನಲ್ಲಿ ಬಿ.ಎ. ಮಾಡಿ, ಮುಂಬಯಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಪದವಿಯನ್ನೂ ಕಾನೂನಿನ ಪದವಿಯನ್ನೂ ಪಡೆದರು. ಅಲ್ಲಿ ಅವರಿಗೆ ಸಂತ ಝೇವಿಯರ್ ಕಾಲೇಜಿನ ನಂಟು ಬೆಳೆಯಿತು. ಆ ಕಾಲೇಜಿನಲ್ಲಿ 1926ರಲ್ಲಿ ಭಾರತೀಯ ಇತಿಹಾಸ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದವರು ಸ್ಪೇನಿನಿಂದ ಬಂದ ಯೇಸುಸಭೆಯ ಗುರು ಫಾದರ್ ಹೆನ್ರಿ ಹೆರಾಸ್. ನಮ್ಮ ನಾಡಿನ ಚರಿತ್ರೆಯನ್ನು ಆಳವಾಗಿ ಅಭ್ಯಾಸ ಮಾಡಿದ ಆ ಗುರುಗಳ ಸಂಸ್ಥೆಯೇ ಮುಂದೆ, 1951ರಲ್ಲಿ, ಕಲ್ಯಾಣದ ಚಾಲುಕ್ಯರ ಮಹಾಮಂಡಲೇಶ್ವರರನ್ನು ಕುರಿತು ದೇಸಾಯಿಯವರು ಬರೆದ ಸಂಶೋಧನಾ ಗ್ರಂಥವನ್ನು ಪ್ರಕಟಿಸಿತು. ಯಾವ ಅರಸನು ಯಾರಿಗೆ ಎಷ್ಟು ಭೂಮಿ ಕೊಟ್ಟ, ಯಾವ ಸಾಮಂತನ ಕೈಯಲ್ಲಿ ಯಾವ ಸೀಮೆ ಇತ್ತು ಎಂದು ಶಾಸನಗಳನ್ನು ಓದಿದ ತರುಣ, ತನ್ನದೇ ಊರಿನಲ್ಲಿ ಉಳುವವನ ಹೆಸರು ಯಾವ ಕಾಗದದಲ್ಲೂ ಇಲ್ಲದ್ದನ್ನು ಕಾಣದೆ ಇರಲಿಲ್ಲ.

ಇಷ್ಟು ಓದಿದವರು ವಕೀಲರಾಗಬಹುದಿತ್ತು, ಪ್ರಾಧ್ಯಾಪಕರಾಗಬಹುದಿತ್ತು. ದೇಸಾಯಿಯವರು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ಭಾರತ ಸೇವಕ ಸಮಾಜವನ್ನು ಸೇರಿದರು. ಆ ಸಮಾಜದ ಸದಸ್ಯರು ತಮಗಾಗಿ ಹಣ ಗಳಿಸುವುದಿಲ್ಲವೆಂದು, ಸಮಾಜ ಕೊಡುವ ಅಲ್ಪ ಜೀವನಾಂಶದಲ್ಲಿ ತೃಪ್ತರಾಗಿರುತ್ತೇವೆಂದು ವ್ರತ ತೊಡಬೇಕು. ಸಂಸಾರಿಗಳಾಗಿದ್ದುಕೊಂಡೇ ಒಂದು ಬಗೆಯ ಸನ್ಯಾಸ ಅದು.

ಹಡಗಿನ ಕಾರ್ಮಿಕರ ನಡುವೆ

ದೇಸಾಯಿಯವರಿಗೆ ಮುಂಬಯಿಯಲ್ಲಿ ದೊರೆತ ಕೆಲಸ ಹಡಗಿನ ಕಾರ್ಮಿಕರ ಸಂಘದ್ದು. ಭಾರತದ ಕಾರ್ಮಿಕ ಚಳವಳಿಯ ಹಿರಿಯರಾದ ಎನ್. ಎಂ. ಜೋಶಿಯವರೂ ಇದೇ ಭಾರತ ಸೇವಕ ಸಮಾಜದಿಂದ ಬಂದವರು.

ಆಗಿನ ಹಡಗಿನ ಕೆಲಸದಲ್ಲಿ ನಮ್ಮ ಕೊಂಕಣಿ ಕ್ರೈಸ್ತರದ್ದು ದೊಡ್ಡ ಪಾಲು. ಗೋವೆಯಿಂದ ಹೋದ ನೂರಾರು ಅಡಿಗೆಯವರು, ಬಡಿಸುವವರು, ಖಲಾಸಿಗಳು ಮುಂಬಯಿ ಬಂದರಿನಲ್ಲಿ ಕೆಲಸಕ್ಕಾಗಿ ಕಾಯುತ್ತಿದ್ದರು. ಒಂದು ಯಾನ ಮುಗಿದರೆ ಮುಂದಿನ ಯಾನ ಸಿಗಲು ತಿಂಗಳುಗಟ್ಟಲೆ ಕಾಯಬೇಕು. ಕೆಲಸ ಕೊಡಿಸುವ ಮಧ್ಯವರ್ತಿಗೆ ಲಂಚ ಕೊಡಬೇಕು. ಲಂಚಕ್ಕೆ ಸಾಲ ಮಾಡಬೇಕು. ಸಾಲ ತೀರುವಷ್ಟರಲ್ಲಿ ಯಾನ ಮುಗಿದು ಮತ್ತೆ ಬೀದಿ.

ಇಂಥವರಿಗೆ ಮುಂಬಯಿಯಲ್ಲಿ ಮನೆಯೆಲ್ಲಿ? ಊರಿನವರೆಲ್ಲ ಸೇರಿ ಬಾಡಿಗೆಗೆ ಹಿಡಿದ ಕೂಡ್‌ಗಳೇ ಅವರ ಮನೆ. ಒಂದೊಂದು ಗ್ರಾಮಕ್ಕೆ ಒಂದೊಂದು ಕೂಡ್. ಗೋಡೆಯ ಬದಿಗೆ ಸಾಲಾಗಿ ಟ್ರಂಕುಗಳು, ರಾತ್ರಿ ನೆಲದ ಮೇಲೆ ಹಾಸಿದ ಚಾಪೆಗಳು, ಒಂದು ಮೂಲೆಯಲ್ಲಿ ಊರಿನ ಪಾಲಕ ಸಂತರ ಪೀಠ, ಸಂಜೆಗೆ ಎಲ್ಲರೂ ಕೂಡಿ ಹೇಳುವ ಜಪಸರ. ನಮ್ಮಲ್ಲಿ ಹಲವು ಮನೆಗಳ ಹಿರಿಯರು ಇಂಥ ಕೂಡ್‌ಗಳ ಕಥೆ ಹೇಳುತ್ತಿದ್ದರು. ಬಡವನು ತಾನೇ ಕಟ್ಟಿಕೊಂಡ ಆಸರೆ ಅದು. ಆದರೆ ಹೆಂಡತಿ ಮಕ್ಕಳನ್ನು ಕರೆತಂದು ಸಂಸಾರ ಮಾಡಲು ಅಲ್ಲಿ ಸ್ಥಳವಿರಲಿಲ್ಲ.

ದೇಸಾಯಿಯವರು ಈ ಕಾರ್ಮಿಕರ ನಡುವೆ ದುಡಿದರು. ಅವರ ನೇಮಕಾತಿ, ಕೂಲಿ, ಸಾಲ, ನಿರುದ್ಯೋಗ ಎಲ್ಲವನ್ನೂ ಅಭ್ಯಾಸ ಮಾಡಿ ಭಾರತದ ನಾವಿಕ ಕಾರ್ಮಿಕರ ಕುರಿತು 1940ರ ಸುಮಾರಿಗೆ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದರು. ಮುಂದೆ ಮುಂಬಯಿ ಮಹಾನಗರಪಾಲಿಕೆಯ ಸದಸ್ಯರೂ ಆದರು. ಪಟ್ಟಣದ ಬಡವನ ಬದುಕು ಅವರಿಗೆ ಕೇಳಿ ತಿಳಿದದ್ದಲ್ಲ. ಈ ಬಡವ ಹಳ್ಳಿಯಿಂದ ಬಂದವನು, ಹಳ್ಳಿಯಲ್ಲಿ ಕಾಲೂರಲು ನೆಲವಿಲ್ಲದ್ದರಿಂದಲೇ ಬಂದವನು ಎಂಬುದನ್ನೂ ಅವರು ಕಂಡಿದ್ದರು.

ರೈತಕೂಟ ಮತ್ತು ಗಡಿಪಾರು

ಉತ್ತರ ಕನ್ನಡದಲ್ಲಿ ನೂರಕ್ಕೆ 80ರಷ್ಟು ನೆಲ ಕಾಡು. ಉಳಿದ ಸ್ವಲ್ಪವೇ ಸಾಗುವಳಿಯ ಭೂಮಿ. ಅದರ ಒಡೆತನ ಕೆಲವರ ಕೈಯಲ್ಲಿ, ದುಡಿಮೆ ಅನೇಕರ ಮೈಯಲ್ಲಿ. ಮೂಲಗೇಣಿಯವನಿಗೆ ತಲೆಮಾರಿನ ಹಕ್ಕಿತ್ತು. ಚಾಲಗೇಣಿಯವನಿಗೆ ಏನೂ ಇರಲಿಲ್ಲ. ಮಾತಿನ ಮೇಲೆ ನಡೆಯುವ ವ್ಯವಹಾರ. ಮಳೆ ಹೆಚ್ಚಾಗಲಿ, ಕಡಿಮೆಯಾಗಲಿ, ನೆರೆಗೆ ಪೈರು ಕೊಳೆಯಲಿ, ಗೊತ್ತುಮಾಡಿದ ಗೇಣಿಯ ಭತ್ತವನ್ನು ಅಳೆಯಲೇಬೇಕು. ಅಳೆದದ್ದಕ್ಕೆ ಪಾವತಿ ಚೀಟಿಯಿಲ್ಲ. ಚೀಟಿ ಕೊಟ್ಟರೂ ಓದಲು ಬಾರದು. ಬಾಕಿ ಇದೆಯೆಂದು ಒಡೆಯ ಹೇಳಿದರೆ ಇದೆ. ಒಕ್ಕಲಿನ ಮನೆ ನಿಂತದ್ದೂ ಒಡೆಯನ ನೆಲದಲ್ಲಿ. ಎದುರಾಡಿದರೆ ಗದ್ದೆ, ಮನೆ ಎರಡೂ ಹೋದವು.

ಹಾಲಕ್ಕಿಗಳು, ನಾಮಧಾರಿಗಳು, ಕೋಮಾರಪಂಥರು, ಕೆಲವು ಕಡೆ ನಮ್ಮ ಕ್ರೈಸ್ತರು, ಹೀಗೆ ನಾನಾ ಜಾತಿ ಮತಗಳ ಒಕ್ಕಲುಗಳ ಬಾಳು ಒಂದೇ ಆಗಿತ್ತು.

1930ರ ದಶಕದ ಕೊನೆಯಲ್ಲಿ ಅಂಕೋಲಾ ಸೀಮೆಯಲ್ಲಿ ರೈತಕೂಟದ ಚಳವಳಿ ಎದ್ದಾಗ ದೇಸಾಯಿಯವರು ಅದರ ಮುಂದಾಳಾದರು. ಗೇಣಿ ಇಳಿಯಬೇಕು, ಒಕ್ಕಲನ್ನು ಮನಬಂದಂತೆ ಎಬ್ಬಿಸಬಾರದು, ಉಳುವವನಿಗೇ ಹೊಲದ ಒಡೆತನ ಸಿಗಬೇಕು ಎಂಬುದು ಅವರ ಬೇಡಿಕೆ. ಹೋರಾಟ ಶಾಂತಿಯಿಂದಲೇ ನಡೆಯಬೇಕೆಂಬುದು ಅವರ ಹಟ. ಅವರು ಹಳ್ಳಿಯವರಿಗೆ ಹಾಡಿನಲ್ಲೇ ವಿಷಯ ತಿಳಿಸಿದರು. ಕವಿಯಾದವನಿಗೆ ಅದು ಸುಲಭವಾಗಿತ್ತು. ಅಕ್ಷರ ಬಾರದ ಜನಕ್ಕೆ ಅದು ನೆನಪಿನಲ್ಲಿ ಉಳಿಯುತ್ತಿತ್ತು.

ಆಗಿನ ದಿನಗಳನ್ನು ನೆನೆಯಿರಿ. ಇದೇ ಅಂಕೋಲೆ 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೂ ಅನಂತರ ಕರನಿರಾಕರಣೆಗೂ ಹೆಸರಾದ ಊರು. ಬ್ರಿಟಿಷರ ವಿರುದ್ಧ ಒಟ್ಟಾಗಿ ನಿಂತ ಜನರಲ್ಲಿ ಒಡೆಯರೂ ಇದ್ದರು, ಒಕ್ಕಲುಗಳೂ ಇದ್ದರು. ಈಗ ಒಡೆಯ ಮತ್ತು ಒಕ್ಕಲಿನ ನಡುವಿನ ನ್ಯಾಯದ ಪ್ರಶ್ನೆ ಎತ್ತುವುದು ಹಲವರಿಗೆ ಹಿಡಿಸಲಿಲ್ಲ. ಸ್ವಂತ ಸೀಮೆಯ ದೊಡ್ಡ ಮನೆಗಳಲ್ಲಿ ದೇಸಾಯಿಯವರು ಬೇಡದವರಾದರು. ಸರಕಾರಕ್ಕೂ ಅವರು ಅಪಾಯಕಾರಿಯಾಗಿ ಕಂಡರು. 1940ರಲ್ಲಿ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಲಾಯಿತು. ಐದು ವರ್ಷ ಅವರು ಹುಟ್ಟಿದ ಜಿಲ್ಲೆಗೆ ಕಾಲಿಡುವಂತಿರಲಿಲ್ಲ. ಬಡವರ ಮನೆ ಉಳಿಸಹೊರಟವನಿಗೆ ತನ್ನ ಊರೇ ಮುಚ್ಚಿಹೋಯಿತು.

ಕಾನೂನು ಬಂದ ಬಗೆ

ಕಾನೂನು ಒಂದೇ ದಿನದಲ್ಲಿ ಬರಲಿಲ್ಲ. 1939ರಲ್ಲಿ ಮುಂಬಯಿ ಸರಕಾರ ಒಂದು ಗೇಣಿ ಕಾಯಿದೆ ಮಾಡಿತು. ಅದು ಎಲ್ಲ ಜಿಲ್ಲೆಗಳಿಗೂ ಒಮ್ಮೆಗೇ ಅನ್ವಯವಾಗಲಿಲ್ಲ. ಸ್ವಾತಂತ್ರ್ಯದ ನಂತರ 1948ರ ಕಾಯಿದೆ ಬಂದಿತು. ಒಣಭೂಮಿಗೆ ಬೆಳೆಯ ಮೂರರಲ್ಲೊಂದು ಪಾಲು, ನೀರಾವರಿಗೆ ನಾಲ್ಕರಲ್ಲೊಂದು ಪಾಲು, ಇದಕ್ಕಿಂತ ಹೆಚ್ಚು ಗೇಣಿ ಕೂಡದೆಂದು ಅದು ಮಿತಿ ಹಾಕಿತು.

1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮೈಸೂರು ಭೂಸುಧಾರಣಾ ಕಾಯಿದೆ 1961ರಲ್ಲಿ ಆಗಿ, 1965ರ ಅಕ್ಟೋಬರ್ 2ರಿಂದ ಜಾರಿಗೆ ಬಂದಿತು. ಅದರಲ್ಲಿ ಒಡೆಯನು ಸ್ವಂತ ಸಾಗುವಳಿಗೆಂದು ಭೂಮಿ ವಾಪಸು ಪಡೆಯಲು ದಾರಿ ಇತ್ತು. ಕಾಯಿದೆ ಬರುತ್ತದೆಂಬ ಸುದ್ದಿಗೇ ಒಕ್ಕಲುಗಳನ್ನು ಎಬ್ಬಿಸಿದವರೂ ಉಂಟು.

ಕೊನೆಗೆ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿಯ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಗಿ, ಉಳುವವನು ಫಾರ್ಮ್ 7ರಲ್ಲಿ ಅರ್ಜಿ ಹಾಕಿದರೆ ಭೂನ್ಯಾಯಮಂಡಳಿ ವಿಚಾರಣೆ ಮಾಡಿ ಅವನಿಗೆ ಅಧಿಭೋಗದ ಹಕ್ಕು ಕೊಡುವ ಏರ್ಪಾಡು ಅದು. ಮಂಡಳಿಯ ಎದುರು ಮೊದಲು ವಕೀಲರಿಗೆ ಪ್ರವೇಶವಿರಲಿಲ್ಲ; ಬಡವನು ತನ್ನ ಮಾತನ್ನು ತಾನೇ ಹೇಳಿಕೊಳ್ಳಬಹುದಿತ್ತು. ಅರ್ಜಿಗೆ ಕೊನೆಯ ದಿನ 1979ರ ಜೂನ್ 30. ದಕ್ಷಿಣ ಕನ್ನಡ, ಉತ್ತರ ಕನ್ನಡಗಳಲ್ಲಿ ಅರ್ಜಿಗಳ ರಾಶಿಯೇ ಬಿದ್ದಿತು. ಇದೇ ಕಾಯಿದೆಯ 38ನೆಯ ಕಲಮಿನಿಂದ, ಬೇರೆಯವರ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕೂಲಿಕಾರನಿಗೂ ತಾನಿದ್ದ ಮನೆಯ ಮತ್ತು ನಿವೇಶನದ ಹಕ್ಕಿಗೆ ದಾರಿಯಾಯಿತು.

ಮೂವತ್ತೈದು ವರ್ಷಗಳ ಹಿಂದೆ ರೈತಕೂಟ ಕೇಳಿದ್ದು ಇದನ್ನೇ. ಆದರೆ ಕಾನೂನು ಬಂದಾಗ ದೇಸಾಯಿಯವರು ಅಧಿಕಾರದಲ್ಲಿರಲಿಲ್ಲ. 1967ರಲ್ಲಿ ಪಕ್ಷೇತರರಾಗಿ ನಿಂತು ಅವರು ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಬಂದಿದ್ದರು. ಅದಕ್ಕೆ ಮೊದಲು ಮೂರು ಬಾರಿ ಅದೇ ಕ್ಷೇತ್ರವನ್ನು ಪ್ರತಿನಿಧಿಸಿದವರು ನಮ್ಮವರೇ ಆದ ಜೋಕಿಂ ಆಳ್ವರು. 1971ಕ್ಕೆ ದೇಸಾಯಿಯವರ ಸಂಸತ್ ಜೀವನ ಮುಗಿದಿತ್ತು. ಬಿತ್ತಿದವರೊಬ್ಬರು, ಕೊಯ್ದವರೊಬ್ಬರು. ಅದಕ್ಕಾಗಿ ಅವರು ಕೊರಗಿದವರಲ್ಲ.

ಇದೆಲ್ಲ ನಷ್ಟವಿಲ್ಲದೆ ಆಯಿತೆಂದು ಹೇಳುವಂತಿಲ್ಲ. ಉಳಲು ಗಂಡಾಳಿಲ್ಲದೆ ತುಂಡು ಗದ್ದೆಯನ್ನು ಗೇಣಿಗೆ ಕೊಟ್ಟಿದ್ದ ಬಡ ವಿಧವೆಯರೂ ಭೂಮಿ ಕಳೆದುಕೊಂಡರು. ದೇವಸ್ಥಾನ, ಮಠ, ಚರ್ಚುಗಳ ಗೇಣಿ ಭೂಮಿಯೂ ಹೋಯಿತು. ಆದರೂ ಉಣ್ಣುವ ಅನ್ನಕ್ಕೂ ಮಲಗುವ ಮನೆಗೂ ಇನ್ನೊಬ್ಬರ ಮುಖ ನೋಡಬೇಕಾಗಿದ್ದ ಸಾವಿರಾರು ಸಂಸಾರಗಳು ಮೊದಲ ಬಾರಿಗೆ ತಲೆಯೆತ್ತಿ ನಿಂತವು. ದುಡಿಯುವವನೂ ತುಂಡು ಆಸ್ತಿಯ ಒಡೆಯನಾಗಬೇಕೆಂದು 13ನೆಯ ಲಿಯೋ ಜಗದ್ಗುರುಗಳು 1891ರಲ್ಲೇ ತಮ್ಮ ರೇರುಂ ನೊವಾರುಂ ಪತ್ರದಲ್ಲಿ ಬಯಸಿದ್ದರು. ನಮ್ಮ ಕರಾವಳಿಯಲ್ಲಿ ಅದು ಹೀಗೆ ಕೈಗೂಡಿತು.

ಓದು ಬಾರದವನಿಗೆ ಹಕ್ಕು ಉಳಿಯದು

ದೇಸಾಯಿಯವರು ಇನ್ನೊಂದು ಸತ್ಯ ಕಂಡಿದ್ದರು. ಕಾನೂನು ಬಂದರೂ ಅದನ್ನು ಓದಲು ಬಾರದವನಿಗೆ ಅದರಿಂದ ಏನು ಪ್ರಯೋಜನ? 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟ್ ಸ್ಥಾಪಿಸಿದರು. ಮುಂಬಯಿಯಲ್ಲಿದ್ದ ಜಿಲ್ಲೆಯ ಉಳ್ಳವರಿಂದ ಹಣ ಸಂಗ್ರಹಿಸಿ ಹೈಸ್ಕೂಲುಗಳನ್ನು ತೆರೆದರು. ಭಟ್ಕಳ ತಾಲೂಕಿನ ಶಿರಾಲಿಯಲ್ಲಿ, ಕುಮಟಾ ತಾಲೂಕಿನ ಮಿರ್ಜಾನದಲ್ಲಿ, ದಾಂಡೇಲಿಯಲ್ಲಿ ಜನತಾ ವಿದ್ಯಾಲಯಗಳು ಎದ್ದವು. ಗೋಖಲೆಯವರ ನೂರನೆಯ ಹುಟ್ಟುಹಬ್ಬದ ನೆನಪಿಗೆ ಅಂಕೋಲೆಯಲ್ಲಿ ಕಾಲೇಜು ಬಂದಿತು. ಗೇಣಿ ಅಳೆಯುವ ಕೊಳಗದ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದವರ ಮಕ್ಕಳು ಶಿಕ್ಷಕರಾದರು, ಗುಮಾಸ್ತರಾದರು, ತಹಶೀಲ್ದಾರರ ಕಚೇರಿಯಲ್ಲಿ ಕುರ್ಚಿಯ ಮೇಲೆ ಕುಳಿತರು. ಅಂಕೋಲೆಯಿಂದ 1955ರಲ್ಲಿ ಆರಂಭಿಸಿದ ಜನಸೇವಕ ವಾರಪತ್ರಿಕೆ ಜಿಲ್ಲೆಯ ಜನರ ದನಿಯಾಯಿತು. ನಾಲ್ಕು ಸಾಲಿನಲ್ಲಿ ನಗಿಸಿ ಚುಚ್ಚುವ ಅವರ ಚುಟುಕುಗಳು ಅಲ್ಲಿಂದ ನಾಡಿಗೆಲ್ಲ ಹಬ್ಬಿದವು.

1982ರ ನವೆಂಬರ್ 6ರಂದು ದೇಸಾಯಿಯವರು ತೀರಿಕೊಂಡರು. ಸತ್ತ ಮೇಲೂ ತಮ್ಮ ಚಿತೆಯ ಭಸ್ಮ ಪೈರಿಗೆ ಗೊಬ್ಬರವಾಗಿ ಯಾರಿಗಾದರೂ ಉಪಯೋಗಕ್ಕೆ ಬರಲೆಂಬ ಆಸೆಯನ್ನು ಅವರು ಒಂದು ಕವನದಲ್ಲಿ ಹೇಳಿಕೊಂಡಿದ್ದರು.

ಈಗ ಪಟ್ಟಣದ ಒಕ್ಕಲು

ಗೇಣಿಯ ಕಾಲ ಮುಗಿಯಿತು, ಆದರೆ ಒಕ್ಕಲೆಬ್ಬಿಸುವುದು ಮುಗಿಯಲಿಲ್ಲ. ಗದ್ದೆಯ ಒಕ್ಕಲಿನ ಜಾಗಕ್ಕೆ ಪಟ್ಟಣದ ಒಕ್ಕಲು ಬಂದಿದ್ದಾನೆ. ಭಟ್ಕಳ, ಹೊನ್ನಾವರ, ಕುಮಟಾಗಳ ಅಂಚಿನಲ್ಲಿ, ಹೊಳೆಯ ದಂಡೆಯಲ್ಲಿ, ಕಡಲ ತೀರದ ಮರಳಿನಲ್ಲಿ, ಅರಣ್ಯವೆಂದು ದಾಖಲಾದ ಗುಡ್ಡದ ಬುಡದಲ್ಲಿ ಎಷ್ಟೋ ಮನೆಗಳಿವೆ. ವಿದ್ಯುತ್ ಮೀಟರ್ ಇದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ಮನೆಯ ಕೆಳಗಿನ ನೆಲಕ್ಕೆ ಮಾತ್ರ ಕಾಗದವಿಲ್ಲ. ಕೊಂಕಣ ರೈಲು ಬಂದಾಗ, ಹೆದ್ದಾರಿ ನಾಲ್ಕು ಪಥವಾದಾಗ ಕಾಗದ ಇದ್ದವನಿಗೆ ಪರಿಹಾರವನ್ನು ಕೇಳುವ ಹಕ್ಕಿತ್ತು. ಕಾಗದವಿಲ್ಲದವನು ಮೊದಲು ತಾನಲ್ಲಿ ಇದ್ದೆನೆಂಬುದನ್ನೇ ಸಾಬೀತು ಮಾಡಬೇಕಾಯಿತು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರು ಯೋಜನೆ ಬಂದಾಗ ಮೀನುಗಾರ ಕುಟುಂಬಗಳು ಬೀದಿಗಿಳಿದದ್ದು ಇದೇ ಭಯದಿಂದ.

ಕಾನೂನುಗಳು ಇಲ್ಲವೆಂದಲ್ಲ. ಪಟ್ಟಣದ ಕೊಳೆಗೇರಿಗಳಿಗಾಗಿ 1973ರ ರಾಜ್ಯ ಕಾಯಿದೆ ಇದೆ. ಸರಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡ ಬಡವರಿಗಾಗಿ ಭೂಕಂದಾಯ ಕಾಯಿದೆಗೆ ಹಳ್ಳಿಗೆ 94ಸಿ, ಪಟ್ಟಣಕ್ಕೆ 94ಸಿಸಿ ಎಂಬ ಕಲಮುಗಳನ್ನು ಸೇರಿಸಲಾಯಿತು. ಅರಣ್ಯವಾಸಿಗಳಿಗಾಗಿ 2006ರ ಅರಣ್ಯ ಹಕ್ಕು ಕಾಯಿದೆ ಬಂದಿತು. ಆದರೆ ಬುಡಕಟ್ಟಿಗೆ ಸೇರದವನು ಅದರಲ್ಲಿ 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ಅಜ್ಜನಿಗೆ ಪಾವತಿ ಚೀಟಿಯನ್ನೇ ಕೊಡದ ನಾಡಿನಲ್ಲಿ ಮೊಮ್ಮಗ ಯಾವ ಕಾಗದ ತಂದಾನು? ನಮ್ಮ ಜಿಲ್ಲೆಯಲ್ಲಿ ಬಹಳ ಅರ್ಜಿಗಳು ತಿರಸ್ಕೃತವಾಗಿವೆ.

ನಮ್ಮ ಕುಟುಂಬಗಳು ಮಾಡಬಹುದಾದದ್ದು

ಪ್ರಿಯ ಓದುಗರೇ, ದೇಸಾಯಿಯವರ ಬಾಳನ್ನು ಓದಿ ಮೆಚ್ಚಿ ಪುಟ ಮಡಚಿದರೆ ಸಾಲದು. ಮನೆಯಲ್ಲೇ ಆರಂಭಿಸಬಹುದಾದ ಕೆಲವು ಕೆಲಸಗಳಿವೆ.

ನಿಮ್ಮ ಹಿರಿಯರಿಗೆ 1974ರ ನಂತರ ಭೂಮಿ ಸಿಕ್ಕಿದ್ದರೆ ಭೂನ್ಯಾಯಮಂಡಳಿಯ ಆದೇಶ, ಫಾರ್ಮ್ 10ರ ಪ್ರಮಾಣಪತ್ರ, ಇಂದಿನ ಪಹಣಿ ಈ ಮೂರೂ ಮನೆಯಲ್ಲಿವೆಯೇ ನೋಡಿ. ಅಜ್ಜನ ಹೆಸರಿನಲ್ಲೇ ಉಳಿದಿದ್ದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಕುಳಿತು ಮಾತಾಡಿ ವಾರಸಾ ಮಾಡಿಸಿ. ಒಡೆಯನಿಂದ ಉಳಿದ ಭೂಮಿ ಒಡಹುಟ್ಟಿದವರ ಜಗಳದಲ್ಲಿ ಹೋಗಬಾರದು. ಹೊಸ ಮನೆ ಅಥವಾ ನಿವೇಶನ ಪಡೆಯುವಾಗ ಹೆಂಡತಿಯ ಹೆಸರನ್ನೂ ಸೇರಿಸಿ. ಗಂಡನ ಸಾವಿನ ನಂತರ ಮನೆಬಿಟ್ಟು ಹೊರಡಬೇಕಾದ ಹೆಣ್ಣೂ ಒಕ್ಕಲೆಬ್ಬಿಸಲ್ಪಟ್ಟವಳೇ.

ನೆರೆಯವರಲ್ಲಿ ಕಾಗದವಿಲ್ಲದ ಮನೆಯಿದ್ದರೆ ಹಳೆಯ ತೆರಿಗೆ ರಶೀದಿ, ಶಾಲೆಯ ದಾಖಲೆ, ಪಡಿತರ ಚೀಟಿ, ಮತದಾರರ ಪಟ್ಟಿ ಇವನ್ನು ಒಂದುಗೂಡಿಸಲು ನೆರವಾಗಿ. ಜ್ಞಾನಸ್ನಾನದ, ಮದುವೆಯ, ಮರಣದ ದಾಖಲೆಗಳು ನಮ್ಮ ಚರ್ಚುಗಳಲ್ಲಿ ತಲೆಮಾರುಗಳಿಂದ ಉಳಿದಿವೆ; ಒಂದು ಸಂಸಾರ ಇಲ್ಲೇ ಬಾಳಿತ್ತೆಂದು ಹೇಳಲು ಅವೂ ಸಹಾಯಕ್ಕೆ ಬರಬಹುದು. ಕಾಲೇಜು ಓದಿದ ಮಕ್ಕಳಿಗೆ ಭಾನುವಾರ ಪೂಜೆಯ ನಂತರ ಒಂದು ಗಂಟೆ ಬಿಡುವು ಮಾಡಿಕೊಂಡು ಅರ್ಜಿ ಬರೆದುಕೊಡಲು ಹೇಳಿ. ಜಾತಿ ಮತ ಕೇಳದೆ ಬರೆದುಕೊಡಲಿ. ದೇಸಾಯಿಯವರು ರೈತಕೂಟ ಕಟ್ಟಿದಾಗಲೂ ಕೇಳಿರಲಿಲ್ಲ.

ಇಷ್ಟಾದರೂ ಮಾಡಿದರೆ, ಮುಂದೊಂದು ದಿನ ನೋಟೀಸು ಹಿಡಿದು ಬಂದವರ ಮುಂದೆ ಆ ಮನೆಯಾಕೆ ಕೈಜೋಡಿಸಿ ನಿಲ್ಲಬೇಕಾಗಿಲ್ಲ. ಒಳಗೆ ಹೋಗಿ ತನ್ನ ಕಾಗದ ತಂದು ತೋರಿಸಿಯಾಳು.